ಔಟ್‌ಬೋರ್ಡ್ ಎಂಜಿನ್ನಿನ ಪ್ರೊಪೆಲ್ಲರ್ ಮತ್ತು ಅದರ ಆಯ್ಕೆ

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ ಎಂಜಿನ್ನಿಗೆ ಔಟ್‌ಬೋರ್ಡ್ ಎಂಜಿನ್ ಎನ್ನುತ್ತಾರೆ. ಮೇಲೆ ಎಂಜಿನ್, ನಡುವೆ ಉದ್ದನೆಯ ಕಾಲು, ನೀರಿನೊಳಗೆ ಗಿಯರ್ ಪೆಟ್ಟಿಗೆ, ಅದರ ಹಿಂದೆ ಪ್ರೊಪೆಲ್ಲರ್. ಇಷ್ಟೂ ಸೇರಿ ಒಂದೇ ಘಟಕ. ಕರಾವಳಿಯಲ್ಲಿ ಒಬಿಎಂ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಪ್ರೊಪೆಲ್ಲರನ್ನು ಫ್ಯಾನ್ ಎಂದೂ ಕರೆಯುತ್ತಾರೆ. ಎಂಜಿನ್ ಎಷ್ಟೇ ದೊಡ್ಡದಿರಲಿ, ಅದರ ಶಕ್ತಿ ನೀರಿಗೆ ಇಳಿಯುವುದು ಈ ಫ್ಯಾನಿನ ಎರಡು, ಮೂರು ಅಥವಾ ನಾಲ್ಕು ರೆಕ್ಕೆಗಳ ಮೂಲಕ ಮಾತ್ರ. ಆದರೂ ಎಂಜಿನ್ ಕೊಳ್ಳುವಾಗ ಅಶ್ವಶಕ್ತಿಯ ಬಗ್ಗೆ ನಡೆಯುವಷ್ಟು ವಿಚಾರಣೆ ಪ್ರೊಪೆಲ್ಲರ್ ಬಗ್ಗೆ ನಡೆಯುವುದಿಲ್ಲ. ಪೆಟ್ಟಿಗೆಯಲ್ಲಿ ಬಂದದ್ದನ್ನೇ ಸಿಕ್ಕಿಸಿ, ಅದು ಸವೆದಾಗ ಅಂಥದ್ದೇ ಇನ್ನೊಂದನ್ನು ತರುವುದು ರೂಢಿ. ಕಾರ್ಖಾನೆಗೆ ಆ ಎಂಜಿನ್ ಯಾವ ದೋಣಿಗೆ ಹೋಗುತ್ತದೆ, ಆ ದೋಣಿ ಎಷ್ಟು ಭಾರ ಹೊರುತ್ತದೆ ಎಂಬುದು ಗೊತ್ತಿರುವುದಿಲ್ಲ. ಈ ಆಯ್ಕೆಯನ್ನು ತೀರ್ಮಾನಿಸಬೇಕಾದವು ಎರಡು: ದೋಣಿ ದಿನವೂ ಹೊರುವ ಭಾರ, ಮತ್ತು ಆ ಭಾರದಲ್ಲಿ ಥ್ರಾಟಲನ್ನು ಪೂರ್ತಿ ತೆರೆದಾಗ ಎಂಜಿನ್ ತಲುಪುವ ಸುತ್ತುಗಳ ಸಂಖ್ಯೆ. ಬಯಸಿದ ವೇಗವಾಗಲಿ ಪಕ್ಕದ ದೋಣಿಯವರ ಅನುಭವವಾಗಲಿ ಇವುಗಳ ಜಾಗ ತುಂಬಲಾರವು.

ಹಿನ್ನೆಲೆ

ನೀರನ್ನು ತಿರುಪಿನಿಂದ ನೂಕುವ ಯೋಚನೆ ಹಳೆಯದು. ಹಡಗಿನಲ್ಲಿ ಅದು ನೆಲೆಗೊಂಡದ್ದು 19ನೇ ಶತಮಾನದಲ್ಲಿ. ಬೊಹೀಮಿಯಾ ಮೂಲದ ಯೋಸೆಫ್ ರೆಸೆಲ್ 1827ರಲ್ಲಿ ಪೇಟೆಂಟ್ ಪಡೆದ. ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಮತ್ತು ಸ್ವೀಡನ್ನಿನ ಜಾನ್ ಎರಿಕ್‌ಸನ್ ಇಬ್ಬರೂ 1836ರಲ್ಲಿ ಬೇರೆ ಬೇರೆಯಾಗಿ ಪೇಟೆಂಟ್ ಪಡೆದರು. ಸ್ಮಿತ್ ಮೊದಲು ಬಳಸಿದ್ದು ಮರದ ಉದ್ದನೆಯ ತಿರುಪು. 1837ರ ಪರೀಕ್ಷೆಯೊಂದರಲ್ಲಿ ಅದರ ಒಂದು ಭಾಗ ಮುರಿದುಹೋಯಿತು. ಉಳಿದ ತುಂಡಿನಿಂದಲೇ ದೋಣಿ ಮೊದಲಿಗಿಂತ ವೇಗವಾಗಿ ಓಡಿತು. ನೀರಿನಲ್ಲಿ ಹೆಚ್ಚು ಲೋಹ, ಹೆಚ್ಚು ಸುರುಳಿ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಅಲ್ಲಿಗೆ ಬಿತ್ತು. 1845ರ ಏಪ್ರಿಲ್‌ನಲ್ಲಿ ಬ್ರಿಟಿಷ್ ನೌಕಾಪಡೆ ಪ್ರೊಪೆಲ್ಲರ್ ಹೊಂದಿದ ರ‍್ಯಾಟ್ಲರ್ ಮತ್ತು ಪಕ್ಕದ ಚಕ್ರಗಳಿಂದ ಓಡುವ ಅಲೆಕ್ಟೋ ಹಡಗುಗಳನ್ನು ಹಿಂಬದಿಗೆ ಹಿಂಬದಿ ಕಟ್ಟಿ ಎಳೆದಾಡಿಸಿತು. ರ‍್ಯಾಟ್ಲರ್ ಎದುರಾಳಿಯನ್ನು ಹಿಂದುಹಿಂದಾಗಿ ಎಳೆದುಕೊಂಡು ಹೋಯಿತು.

ದೋಣಿಗೆ ಸಿಕ್ಕಿಸಿ ಬಿಚ್ಚಬಹುದಾದ ಎಂಜಿನ್ ಬಂದದ್ದು ಅದಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಅಮೆರಿಕದಲ್ಲಿ ಕ್ಯಾಮರನ್ ವಾಟರ್‌ಮನ್ ಮೊದಲಿಗೆ ಇಂಥದ್ದನ್ನು ಮಾರಾಟಕ್ಕೆ ತಂದವರಲ್ಲಿ ಒಬ್ಬ. ನಾರ್ವೆಯಲ್ಲಿ ಹುಟ್ಟಿ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ 1909ರಲ್ಲಿ ಮಾರತೊಡಗಿದ ಒಂದೂವರೆ ಅಶ್ವಶಕ್ತಿಯ ಎಂಜಿನ್ ಜನಪ್ರಿಯವಾಯಿತು. ಮರ್ಕ್ಯುರಿ, ಜಾನ್ಸನ್, ಯಮಹಾ, ಸುಜುಕಿ, ಹೋಂಡಾ, ತೊಹಾತ್ಸು ಮುಂತಾದ ಹೆಸರುಗಳು ಆಮೇಲಿನವು. ಭಾರತದ ಪಶ್ಚಿಮ ಕರಾವಳಿಯ ನಾಡದೋಣಿಗಳಿಗೆ ಒಬಿಎಂ ವ್ಯಾಪಕವಾಗಿ ಹಬ್ಬಿದ್ದು 1980ರ ದಶಕದಲ್ಲಿ. ಪೆಟ್ರೋಲಿನಿಂದ ಚಾಲೂ ಮಾಡಿ ಸೀಮೆಎಣ್ಣೆಗೆ ಬದಲಿಸುವ ಎಂಜಿನ್ನುಗಳು ಇಲ್ಲಿ ನೆಲೆಯೂರಿದವು.

ವ್ಯಾಸ ಮತ್ತು ಪಿಚ್

ಪ್ರೊಪೆಲ್ಲರಿನ ಮೇಲೆ ಎರಡು ಅಂಕಿಗಳು ಕೊರೆದಿರುತ್ತವೆ. 13¼ × 17 ಎಂದಿದ್ದರೆ ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ರೆಕ್ಕೆಗಳ ತುದಿ ಬರೆಯುವ ವೃತ್ತದ ಅಡ್ಡಳತೆಯೇ ವ್ಯಾಸ. ಪಿಚ್ ಎಂದರೆ, ಮರದಲ್ಲಿ ತಿರುಗುವ ಸ್ಕ್ರೂ ಒಂದು ಸುತ್ತಿಗೆ ಇಷ್ಟು ಎಂದು ಒಳಗೆ ಇಳಿಯುವಂತೆ, ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ಲೆಕ್ಕದ ದೂರ. ಯಮಹಾದಂಥ ಕೆಲವು ಕಂಪನಿಗಳ ಪ್ರೊಪೆಲ್ಲರಿನಲ್ಲಿ ಅಂಕಿಗಳ ಕೊನೆಗೆ ಜೆ, ಜಿ, ಕೆ ಎಂಬಂಥ ಅಕ್ಷರವೂ ಇರುತ್ತದೆ. ಆ ಪ್ರೊಪೆಲ್ಲರ್ ಯಾವ ಗುಂಪಿನ ಗಿಯರ್ ಪೆಟ್ಟಿಗೆಗೆ ಹೊಂದುತ್ತದೆ ಎಂಬುದನ್ನು ಅದು ಹೇಳುತ್ತದೆ. ಅಂಕಿಗಳು ಸರಿಯಿದ್ದು ಅಕ್ಷರ ತಪ್ಪಿದರೆ ಶಾಫ್ಟಿನ ಹಲ್ಲುಗಳಿಗೆ ಅದು ಕೂರದೆಯೇ ಹೋಗಬಹುದು.

ನೀರು ಮರದಂತೆ ಗಟ್ಟಿಯಲ್ಲ. ರೆಕ್ಕೆ ನೂಕಿದಾಗ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ಲೆಕ್ಕದ ದೂರಕ್ಕಿಂತ ದೋಣಿ ಕಡಿಮೆಯೇ ಸಾಗುತ್ತದೆ. ಈ ಕೊರತೆಗೆ ಸ್ಲಿಪ್ ಎಂದು ಹೆಸರು. ಸ್ಲಿಪ್ ಎಂದರೆ ಪೂರ್ತಿ ನಷ್ಟ ಎಂದು ತಿಳಿಯಬಾರದು. ನೀರು ಹಿಂದಕ್ಕೆ ಸರಿಯದೆ ದೋಣಿಗೆ ನೂಕು ಸಿಗುವುದಿಲ್ಲ; ಸ್ಲಿಪ್ ಸೊನ್ನೆಯಾದರೆ ನೂಕೂ ಹೆಚ್ಚುಕಡಿಮೆ ಸೊನ್ನೆ.

ಲೆಕ್ಕ ಸುಲಭವಾದದ್ದು. ಎಂಜಿನ್ನಿನ ನಿಮಿಷದ ಸುತ್ತುಗಳನ್ನು ಗಿಯರ್ ಅನುಪಾತದಿಂದ ಭಾಗಿಸಿ, ಪಿಚ್‌ನಿಂದ ಗುಣಿಸಿ, 1215ರಿಂದ ಭಾಗಿಸಿದರೆ ಲೆಕ್ಕದ ವೇಗ ನಾಟ್‌ಗಳಲ್ಲಿ ದೊರೆಯುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಎಂಜಿನ್ 5500 ಸುತ್ತು, ಗಿಯರ್ ಅನುಪಾತ 2, ಪಿಚ್ 15 ಇಂಚು ಇದ್ದರೆ ಲೆಕ್ಕದ ವೇಗ ಸುಮಾರು 34 ನಾಟ್. ಜಿಪಿಎಸ್ 29 ನಾಟ್ ತೋರಿಸಿದರೆ ಸ್ಲಿಪ್ ಶೇ. 15ರ ಹತ್ತಿರ. ನೀರಿನ ಮೇಲೆ ಎದ್ದು ಜಾರುವ ಹಗುರ ದೋಣಿಗೆ ಇದು ಸಹಜ.

ಈಗ ಇದೇ ಲೆಕ್ಕವನ್ನು ಮೀನು ತುಂಬಿಕೊಂಡು ಮರಳುವ ದೋಣಿಗೆ ಹಾಕಬೇಕು. 9.9 ಅಶ್ವಶಕ್ತಿ, 5000 ಸುತ್ತು, ಅನುಪಾತ 2.08, ಪಿಚ್ 9 ಇಂಚು. ಲೆಕ್ಕದ ವೇಗ ಸುಮಾರು 17.8 ನಾಟ್ ಬರುತ್ತದೆ. ಭಾರದ ದೋಣಿ ನಿಜಕ್ಕೂ ಓಡುವುದು 7 ನಾಟ್ ಎಂದಿಟ್ಟುಕೊಂಡರೆ ಸ್ಲಿಪ್ ಶೇ. 60 ಮೀರುತ್ತದೆ. ಅಂದರೆ ಈ ಪಿಚ್ ಆ ದೋಣಿ ಎಂದೂ ಮುಟ್ಟಲಾರದ ವೇಗಕ್ಕಾಗಿ ಮಾಡಿದ್ದು. ನೀರನ್ನು ಸೀಳಿಕೊಂಡು ಸಾಗುವ ದೋಣಿಗೆ ಅದು ಎಬ್ಬಿಸುವ ಅಲೆಯೇ ಮಿತಿ ಹಾಕುತ್ತದೆ. ನೀರುಗೆರೆಯಲ್ಲಿ ಅಳೆದ ಉದ್ದವನ್ನು ಅಡಿಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ಅಂದಾಜಾಗುತ್ತದೆ. 25 ಅಡಿಗೆ 6.7, 36 ಅಡಿಗೆ 8. ಉದ್ದಕ್ಕೆ ಹೋಲಿಸಿದರೆ ತೀರಾ ಕಿರಿದಾದ ದೋಣಿಗಳು ಇದನ್ನು ಸ್ವಲ್ಪ ಮೀರುತ್ತವೆ, ಆದರೆ ಹಲವು ಪಟ್ಟು ಮೀರುವುದಿಲ್ಲ. ಇಲ್ಲಿ ಪಿಚ್ ಏರಿಸುವುದರಿಂದ ವೇಗ ಬರುವುದಿಲ್ಲ. ಎಂಜಿನ್ನಿನ ಉಸಿರು ಕಟ್ಟುತ್ತದೆ, ಅಷ್ಟೇ.

ಭಾರದ ದೋಣಿಗೆ ಬೇಕಾದದ್ದು ದೊಡ್ಡ ವ್ಯಾಸ, ಚಿಕ್ಕ ಪಿಚ್. ಕಾರಣವನ್ನು ಸ್ಕಾಟ್ಲೆಂಡಿನ ವಿಜ್ಞಾನಿ ವಿಲಿಯಂ ರ‍್ಯಾಂಕಿನ್ 1865ರಲ್ಲೇ ಗಣಿತದಲ್ಲಿ ತೋರಿಸಿದ್ದ. ನೂಕು ಹುಟ್ಟುವುದು ಹಿಂದಕ್ಕೆ ಕಳಿಸಿದ ನೀರಿನ ರಾಶಿ ಮತ್ತು ಅದಕ್ಕೆ ಕೊಟ್ಟ ವೇಗ ಇವೆರಡರ ಗುಣಲಬ್ಧದಿಂದ. ಆದರೆ ಆ ನೀರಿನೊಂದಿಗೆ ಕೊಚ್ಚಿಹೋಗುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಸ್ವಲ್ಪ ನೀರನ್ನು ರಭಸದಿಂದ ಎಸೆಯುವ ಬದಲು ಎರಡು ಪಟ್ಟು ನೀರನ್ನು ಅರ್ಧ ವೇಗದಲ್ಲಿ ಸರಿಸಿದರೆ ನೂಕು ಅಷ್ಟೇ ಇರುತ್ತದೆ, ವ್ಯರ್ಥವಾಗುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಟ್ರಾಲ್ ಬೋಟುಗಳ ಕಂಚಿನ ಪ್ರೊಪೆಲ್ಲರ್ ಅಷ್ಟು ದೊಡ್ಡದಾಗಿ, ನಿಧಾನವಾಗಿ ತಿರುಗುವುದು ಇದಕ್ಕಾಗಿಯೇ. ಒಬಿಎಂನಲ್ಲಿ ವ್ಯಾಸ ಹೆಚ್ಚಿಸಲು ಜಾಗದ ತೊಂದರೆಯಿದೆ. ಗಿಯರ್ ಪೆಟ್ಟಿಗೆಯ ಮೇಲೆ ಅಡ್ಡಲಾಗಿ ಚಾಚಿದ ತಟ್ಟೆಗೆ ರೆಕ್ಕೆ ತಾಗಬಾರದು. ಹೀಗಾಗಿ ಕೆಲವು ಕಂಪನಿಗಳು ಅಷ್ಟೇ ಅಶ್ವಶಕ್ತಿಯಲ್ಲಿ ಹೈ ಥ್ರಸ್ಟ್ ಎಂಬ ಮಾದರಿಯನ್ನೂ ಮಾಡುತ್ತವೆ. ಅದರಲ್ಲಿ ಗಿಯರ್ ಅನುಪಾತ 3ರ ಸಮೀಪ, ಪೆಟ್ಟಿಗೆ ದೊಡ್ಡದು, ಪ್ರೊಪೆಲ್ಲರ್ ಅಗಲ. ಭಾರ ಹೊರುವ ದೋಣಿಗೆ ಎಂಜಿನ್ ಕೊಳ್ಳುವವರು ಅಶ್ವಶಕ್ತಿ ಏರಿಸುವ ಮೊದಲು ಇಂಥ ಮಾದರಿ ಸಿಗುತ್ತದೆಯೇ ಎಂದು ವಿಚಾರಿಸುವುದು ಲೇಸು.

ಸುತ್ತುಗಳ ಸಾಕ್ಷ್ಯ

ಪ್ರತಿ ಎಂಜಿನ್ನಿನ ಕೈಪಿಡಿಯಲ್ಲಿ ಪೂರ್ತಿ ಥ್ರಾಟಲಿನಲ್ಲಿ ಎಂಜಿನ್ ಎಷ್ಟರಿಂದ ಎಷ್ಟು ಸುತ್ತುಗಳ ನಡುವೆ ಓಡಬೇಕು ಎಂಬ ವ್ಯಾಪ್ತಿ ಇರುತ್ತದೆ. ಹಳೆಯ ಟೂ ಸ್ಟ್ರೋಕ್ ಎಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ 4500ರಿಂದ 5500. ಈಗಿನ ಅನೇಕ ಫೋರ್ ಸ್ಟ್ರೋಕ್ ಎಂಜಿನ್ನುಗಳಲ್ಲಿ 5000ದಿಂದ 6000. ಕೈಪಿಡಿಯ ಇತರ ಪುಟಗಳನ್ನು ಮರೆತರೂ ಈ ಒಂದು ಸಾಲನ್ನು ಮರೆಯಬಾರದು. ಪ್ರೊಪೆಲ್ಲರ್ ಸರಿಯೋ ತಪ್ಪೋ ಎಂಬುದಕ್ಕೆ ಇದಕ್ಕಿಂತ ನೇರವಾದ ಪ್ರಮಾಣವಿಲ್ಲ.

ಸುತ್ತುಗಳು ವ್ಯಾಪ್ತಿಗಿಂತ ಕೆಳಗೆ ನಿಂತರೆ ಪ್ರೊಪೆಲ್ಲರ್ ಭಾರವಾಯಿತು ಎಂದರ್ಥ: ಪಿಚ್ ಅಥವಾ ವ್ಯಾಸ ಹೆಚ್ಚು. ಥ್ರಾಟಲ್ ಪೂರ್ತಿ ತೆರೆದಿದೆ, ಇಂಧನ ಪೂರ್ತಿ ಹರಿಯುತ್ತಿದೆ, ಆದರೆ ಎಂಜಿನ್ ತಿರುಗಲಾರದೆ ಏಗುತ್ತಿದೆ. ಸಿಲಿಂಡರಿನ ಒತ್ತಡವೂ ಬಿಸಿಯೂ ಏರುತ್ತವೆ, ಮಸಿ ಕಟ್ಟುತ್ತದೆ, ಬಡಿತ ಶುರುವಾಗುತ್ತದೆ, ಕೊನೆಗೆ ಪಿಸ್ಟನ್ ಕೆಡುತ್ತದೆ. ಸೀಮೆಎಣ್ಣೆ ಎಂಜಿನ್ನಿಗೆ ಈ ಅಪಾಯ ಇನ್ನೂ ಹತ್ತಿರದ್ದು, ಏಕೆಂದರೆ ಸೀಮೆಎಣ್ಣೆಯ ಆಕ್ಟೇನ್ ಪೆಟ್ರೋಲಿಗಿಂತ ತುಂಬಾ ಕಡಿಮೆ. ಅದು ಬೇಗ ಬಡಿಯುತ್ತದೆ, ಬೇಗ ಮಸಿ ಹಿಡಿಯುತ್ತದೆ. ಸ್ಪಾರ್ಕ್ ಪ್ಲಗ್ ಪದೇ ಪದೇ ಕಪ್ಪಾಗುವುದಕ್ಕೆ ಎಣ್ಣೆಯನ್ನು ದೂರುವವರು ಪ್ರೊಪೆಲ್ಲರನ್ನೂ ಒಮ್ಮೆ ಪರೀಕ್ಷಿಸಬೇಕು. ಶಕ್ತಿಯ ನಷ್ಟ ಬೇರೆ. 5500 ಸುತ್ತಿನಲ್ಲಿ 9.9 ಅಶ್ವಶಕ್ತಿ ಕೊಡುವ ಎಂಜಿನ್ 4400ಕ್ಕೇ ನಿಂತುಬಿಟ್ಟರೆ, ತಿರುಚುಬಲ ಅಷ್ಟೇ ಇದೆ ಎಂದುಕೊಂಡರೂ, ಸಿಗುವುದು 8ರ ಆಸುಪಾಸು. ಉಳಿದದ್ದಕ್ಕೆ ಹಣ ಕೊಟ್ಟಿದ್ದೇವೆ, ಆದರೆ ಅದು ನೀರಿಗೆ ಇಳಿಯುತ್ತಿಲ್ಲ.

ಸುತ್ತುಗಳು ವ್ಯಾಪ್ತಿ ಮೀರಿದರೆ ಪ್ರೊಪೆಲ್ಲರ್ ಹಗುರವಾಯಿತು. ಎಂಜಿನ್ ಕಿರುಚುತ್ತದೆ, ಬೇರಿಂಗ್ ಮತ್ತು ಕನೆಕ್ಟಿಂಗ್ ರಾಡ್ ಸವೆಯುತ್ತವೆ. ಹೊಸ ಎಂಜಿನ್ನುಗಳಲ್ಲಿ ಮಿತಿ ಮುಟ್ಟಿದೊಡನೆ ಕಿಡಿಯನ್ನು ತಡೆಯುವ ವ್ಯವಸ್ಥೆ ಇರುತ್ತದೆ. ಹಳೆಯವಕ್ಕೆ ಅಂಥ ರಕ್ಷಣೆ ಇಲ್ಲ.

ತಿದ್ದುವ ಅಳತೆ ಹೀಗೆ: ಪಿಚ್ ಒಂದು ಇಂಚು ಇಳಿಸಿದರೆ ಸುತ್ತುಗಳು ಸುಮಾರು 150ರಿಂದ 200ರಷ್ಟು ಏರುತ್ತವೆ, ಏರಿಸಿದರೆ ಅಷ್ಟೇ ಇಳಿಯುತ್ತವೆ. ವ್ಯಾಪ್ತಿ 5000ದಿಂದ 6000 ಇದ್ದು ದೋಣಿ 4800ಕ್ಕೆ ನಿಂತರೆ, ಪಿಚ್ ಎರಡು ಇಂಚು ಇಳಿಸಿದಾಗ 5100ರಿಂದ 5200ಕ್ಕೆ ಬರುತ್ತದೆ, ನಾಲ್ಕು ಇಂಚು ಇಳಿಸಿದರೆ 5400 ದಾಟುತ್ತದೆ. ಭಾರದ ಕೆಲಸಕ್ಕೆ ಎರಡನೆಯದು ಮೇಲು. ವ್ಯಾಪ್ತಿಯ ಕೆಳಗಿನ ಅಂಚಿನಲ್ಲಿ ತೃಪ್ತಿಪಟ್ಟರೆ, ಇನ್ನೊಂದು ಕ್ವಿಂಟಲ್ ಭಾರ ಏರಿದ ದಿನ ಎಂಜಿನ್ ಮತ್ತೆ ಏಗತೊಡಗುತ್ತದೆ. ಬಲೆ, ಮಂಜುಗಡ್ಡೆ, ಆಳುಗಳೊಂದಿಗೆ ಹೊರಟು ಬಂಗುಡೆ ಬೂತಾಯಿ ತುಂಬಿಕೊಂಡು ಮರಳುವ ದೋಣಿಗೆ ಈ ಎಚ್ಚರ ತೀರಾ ಅಗತ್ಯ. ಖಾಲಿ ದೋಣಿಯಲ್ಲಿ ಮೇಲಿನ ಮಿತಿ ಮೀರಬಾರದು, ತುಂಬಿದ ದೋಣಿಯಲ್ಲಿ ಕೆಳಗಿನ ಮಿತಿಗಿಂತ ಇಳಿಯಬಾರದು. ಒಂದೇ ಪ್ರೊಪೆಲ್ಲರ್ ಎರಡನ್ನೂ ಪೂರೈಸದಿದ್ದರೆ ತುಂಬಿದ ದೋಣಿಯ ಪಕ್ಷ ವಹಿಸಬೇಕು. ಖಾಲಿ ಇದ್ದಾಗ ಥ್ರಾಟಲನ್ನು ಕೈಯಿಂದ ಇಳಿಸಬಹುದು. ಭಾರ ಇದ್ದಾಗ ಎಂಜಿನ್ನಿಗೆ ಇಲ್ಲದ ಶಕ್ತಿಯನ್ನು ಯಾರೂ ಸೇರಿಸಲಾರರು.

ಚಿಕ್ಕ ಒಬಿಎಂಗಳಲ್ಲಿ ಸುತ್ತು ತೋರಿಸುವ ಮೀಟರ್ ಇರುವುದಿಲ್ಲ. ಸ್ಪಾರ್ಕ್ ಪ್ಲಗ್ಗಿನ ತಂತಿಗೆ ಸುತ್ತುವ ಚಿಕ್ಕ ಡಿಜಿಟಲ್ ಟ್ಯಾಕೋಮೀಟರ್ ಈ ಕೆಲಸ ಮಾಡುತ್ತದೆ. ಎಂಜಿನ್ ಒಂದು ಸುತ್ತಿಗೆ ಎಷ್ಟು ಸಲ ಕಿಡಿ ಹಾರಿಸುತ್ತದೆ ಎಂಬುದನ್ನು ಅದರಲ್ಲಿ ಸರಿಯಾಗಿ ಹೊಂದಿಸಿಕೊಳ್ಳಬೇಕು. ಪರೀಕ್ಷೆಯನ್ನು ನೀರು ಶಾಂತವಿದ್ದಾಗ, ದಿನವೂ ಒಯ್ಯುವ ಭಾರವನ್ನೇ ಹೇರಿ ಮಾಡಬೇಕು. ಉಬ್ಬರ ಇಳಿತದ ಸೆಳೆತ ಲೆಕ್ಕವನ್ನು ಕೆಡಿಸದಂತೆ ಒಂದೇ ದಾರಿಯಲ್ಲಿ ಹೋಗಿಬಂದು ಎರಡೂ ವೇಗಗಳ ಸರಾಸರಿ ಹಿಡಿಯಬೇಕು.

ಪ್ರೊಪೆಲ್ಲರ್ ಮೇಲೆ ತಪ್ಪು ಹೊರಿಸುವ ಮೊದಲು ನೋಡಬೇಕಾದವೂ ಇವೆ. ದೋಣಿಯ ತಳಕ್ಕೆ ಪಾಚಿ, ಚಿಪ್ಪುಜೀವಿಗಳು ಅಂಟಿದ್ದರೆ ಸುತ್ತುಗಳು ಇಳಿಯುತ್ತವೆ. ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೂ, ಕಾರ್ಬ್ಯುರೇಟರಿನಲ್ಲಿ ಕಸ ಕೂತಿದ್ದರೂ ಹಾಗೆಯೇ. ತಳ ಕೆರೆದು, ಎಂಜಿನ್ ಸರಿಪಡಿಸಿದ ಮೇಲೆ ಅಳೆದ ಸುತ್ತುಗಳಿಗೆ ಮಾತ್ರ ಬೆಲೆ.

ಎತ್ತರ ಮತ್ತು ಗಾಳಿ

ಒಳನಾಡಿನ ಜಲಾಶಯಗಳಲ್ಲಿ ಸಮುದ್ರಮಟ್ಟದ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ, ಟರ್ಬೋ ಇಲ್ಲದ ಎಂಜಿನ್ ಪ್ರತಿ 300 ಮೀಟರಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕಬಿನಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2284 ಅಡಿ, ಅಂದರೆ ಸುಮಾರು 696 ಮೀಟರ್. ಅಲ್ಲಿ ಎಂಜಿನ್ ಶೇ. 7ರಷ್ಟು ಸೊರಗುತ್ತದೆ. ಪ್ರೊಪೆಲ್ಲರ್ ಬೇಡುವ ಶಕ್ತಿ ಸುತ್ತುಗಳ ಘನಕ್ಕೆ ತಕ್ಕಂತೆ ಏರುವುದರಿಂದ ಸುತ್ತುಗಳಲ್ಲಿ ಕಾಣುವ ಇಳಿಕೆ ಶೇ. 2ರಿಂದ 3 ಮಾತ್ರ. ಇಷ್ಟಕ್ಕೆ ಪಿಚ್ ಒಂದು ಇಂಚು ತಗ್ಗಿಸಿದರೆ ಸಾಕು. ಸಿಹಿನೀರಿಗಿಂತ ಕಡಲ ನೀರು ಶೇ. 2.5ರಷ್ಟು ಸಾಂದ್ರ, ಆ ವ್ಯತ್ಯಾಸ ಪ್ರೊಪೆಲ್ಲರ್ ಬದಲಿಸುವಷ್ಟು ದೊಡ್ಡದಲ್ಲ.

ರೆಕ್ಕೆಗಳ ರೂಪ

ಮೂರು ರೆಕ್ಕೆಗಳದ್ದು ಸಾಮಾನ್ಯ ಬಳಕೆಗೆ ಹೊಂದುವ ರಾಜಿ. ನಾಲ್ಕು ರೆಕ್ಕೆಗಳಿದ್ದರೆ ಕಂಪನ ಕಡಿಮೆ, ಹಿಡಿತ ಹೆಚ್ಚು, ಕಡಿಮೆ ಸುತ್ತಿನಲ್ಲೂ ದೋಣಿ ಎದ್ದು ನಿಲ್ಲುತ್ತದೆ. ಗರಿಷ್ಠ ವೇಗ ಸ್ವಲ್ಪ ತಗ್ಗುತ್ತದೆ. ಮೂರರಿಂದ ನಾಲ್ಕಕ್ಕೆ ಬದಲಾಯಿಸುವಾಗ ಪಿಚ್ ಒಂದು ಇಂಚು ಇಳಿಸುವುದು ವಾಡಿಕೆ. ಎರಡು ರೆಕ್ಕೆಯವು ತೀರಾ ಚಿಕ್ಕ ಎಂಜಿನ್ನುಗಳಿಗೆ.

ರೆಕ್ಕೆಯ ಹಿಂಬದಿ ಅಂಚನ್ನು ಕೂದಲೆಳೆಯಷ್ಟು ಒಳಬಾಗಿಸಿರುವುದಕ್ಕೆ ಕಪ್ ಎನ್ನುತ್ತಾರೆ. ಈ ಚಿಕ್ಕ ಬಾಗು ನೀರನ್ನು ಬಿಗಿಯಾಗಿ ಹಿಡಿದು, ತಿರುವುಗಳಲ್ಲಿ ಗಾಳಿ ಎಳೆದುಕೊಳ್ಳುವುದನ್ನು ತಡೆಯುತ್ತದೆ. ಅದು ಪಿಚ್ ಹೆಚ್ಚಿಸಿದ ಪರಿಣಾಮವನ್ನೇ ಕೊಡುವುದರಿಂದ ಸುತ್ತುಗಳು ಒಂದಿಷ್ಟು ಇಳಿಯುತ್ತವೆ. ರೆಕ್ಕೆಗಳು ಹಿಂದಕ್ಕೆ ವಾಲಿರುವ ಕೋನಕ್ಕೆ ರೇಕ್ ಎಂದು ಹೆಸರು. ಅದು ಹೆಚ್ಚಿದ್ದರೆ ವೇಗದ ದೋಣಿಯ ಮೂತಿ ಮೇಲೇಳುತ್ತದೆ. ಭಾರದ ದೋಣಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಎರಡು ಎಂಜಿನ್ ಹಾಕಿದ ವೇಗದ ದೋಣಿಗಳಲ್ಲಿ ಒಂದಕ್ಕೆ ಬಲಕ್ಕೆ ತಿರುಗುವ, ಇನ್ನೊಂದಕ್ಕೆ ಎಡಕ್ಕೆ ತಿರುಗುವ ಪ್ರೊಪೆಲ್ಲರ್ ಹಾಕುತ್ತಾರೆ. ಒಂದರ ಪಕ್ಕದೆಳೆತವನ್ನು ಮತ್ತೊಂದು ಸರಿದೂಗಿಸುತ್ತದೆ. ಎಡಕ್ಕೆ ತಿರುಗುವ ಪ್ರೊಪೆಲ್ಲರಿಗೆ ಸಾಮಾನ್ಯವಾಗಿ ಅದಕ್ಕೆಂದೇ ಮಾಡಿದ ಗಿಯರ್ ಪೆಟ್ಟಿಗೆ ಬೇಕು.

ಅಲ್ಯೂಮಿನಿಯಮ್ಮೋ ಸ್ಟೀಲೋ

ಅಲ್ಯೂಮಿನಿಯಮ್ ಅಗ್ಗ, ಹಗುರ. ಕಲ್ಲಿಗೆ ಬಡಿದರೆ ರೆಕ್ಕೆ ಬಾಗುತ್ತದೆ ಅಥವಾ ತುಂಡಾಗುತ್ತದೆ, ಗಿಯರ್ ಉಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಲವು ಪಟ್ಟು ಗಟ್ಟಿಯಾದ್ದರಿಂದ ರೆಕ್ಕೆಯನ್ನು ತೆಳುವಾಗಿ ಮಾಡಬಹುದು. ಅದು ಭಾರಕ್ಕೆ ಬಳುಕುವುದಿಲ್ಲ. ವೇಗದ ದೋಣಿಗೆ ಅದೇ ಉತ್ತಮ. ಆದರೆ ಗಟ್ಟಿ ಪೆಟ್ಟು ಬಿದ್ದಾಗ ಸ್ಟೀಲ್ ಬಾಗುವ ಬದಲು ಪೆಟ್ಟನ್ನು ಶಾಫ್ಟಿಗೂ ಗಿಯರಿಗೂ ದಾಟಿಸಬಹುದು. ಬಂಡೆಗಳ ನಡುವೆ, ನದೀಮುಖದ ಮರಳು ದಿಬ್ಬಗಳ ಮೇಲೆ, ಪ್ರವಾಹದ ನೀರಿನಲ್ಲಿ ಬೇಲಿ ತಂತಿಗಳ ನಡುವೆ ಓಡುವ ರಕ್ಷಣಾ ದೋಣಿಗಳಿಗೆ ಅಲ್ಯೂಮಿನಿಯಮ್ ಪ್ರೊಪೆಲ್ಲರ್, ಜತೆಗೆ ಇನ್ನೊಂದು ಬಿಡಿ: ಇದೇ ವಿವೇಕದ ಆಯ್ಕೆ. ಸಂಯುಕ್ತ ಪ್ಲಾಸ್ಟಿಕ್ಕಿನ ಪ್ರೊಪೆಲ್ಲರುಗಳೂ ಇವೆ. ಕೆಲವದರಲ್ಲಿ ಮುರಿದ ರೆಕ್ಕೆಯನ್ನಷ್ಟೇ ಬದಲಿಸಬಹುದು.

ಉಪ್ಪುನೀರಿನಲ್ಲಿ ಎರಡು ಭಿನ್ನ ಲೋಹಗಳು ಒಂದನ್ನೊಂದು ತಾಗಿಕೊಂಡಿದ್ದರೆ ಅವುಗಳಲ್ಲಿ ಹೆಚ್ಚು ಕ್ರಿಯಾಶೀಲವಾದದ್ದು ಕರಗುತ್ತದೆ. ಸ್ಟೀಲ್ ಪ್ರೊಪೆಲ್ಲರ್ ಹಾಕಿದಾಗ ಅಲ್ಯೂಮಿನಿಯಮ್ಮಿನ ಗಿಯರ್ ಪೆಟ್ಟಿಗೆಯೇ ಆ ಬಲಿ. ಅದನ್ನು ತಪ್ಪಿಸಲು ಸತುವಿನ ಅಥವಾ ವಿಶೇಷ ಅಲ್ಯೂಮಿನಿಯಮ್ಮಿನ ತುಂಡುಗಳನ್ನು ಬಿಗಿದಿರುತ್ತಾರೆ. ಅವು ಸವೆಯಲೆಂದೇ ಇರುವುದು. ಅವಕ್ಕೆ ಬಣ್ಣ ಬಳಿದರೆ ಕೆಲಸ ಕೆಡುತ್ತದೆ.

ಪ್ರೊಪೆಲ್ಲರಿನ ಗುಂಬದೊಳಗೆ ರಬ್ಬರಿನ ಬುಷ್ ಇರುತ್ತದೆ. ಪೆಟ್ಟು ಬಿದ್ದಾಗ ಅದು ಜಾರಿ ಗಿಯರನ್ನು ಕಾಯುತ್ತದೆ. ತೀರಾ ಚಿಕ್ಕ ಎಂಜಿನ್ನುಗಳಲ್ಲಿ ಈ ಕೆಲಸವನ್ನು ಮುರಿಯಲೆಂದೇ ಇಟ್ಟ ಪಿನ್ನು ಮಾಡುತ್ತದೆ. ರಬ್ಬರ್ ಹಳತಾದರೆ ಪೆಟ್ಟಿಲ್ಲದೆಯೂ ಜಾರುತ್ತದೆ: ಥ್ರಾಟಲ್ ಕೊಟ್ಟಾಗ ಎಂಜಿನ್ ಸದ್ದು ಏರುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಗುಂಬದ ಮೇಲೂ ಒಳ ಬುಷ್ಷಿನ ಮೇಲೂ ಒಂದೇ ಗೆರೆ ಎಳೆದಿಟ್ಟರೆ ಜಾರಿದ್ದು ಕಣ್ಣಿಗೇ ಕಾಣುತ್ತದೆ. ಇದನ್ನು ತಿಳಿಯದೆ ಪಿಚ್ ತಪ್ಪಾಯಿತೆಂದು ಹೊಸ ಪ್ರೊಪೆಲ್ಲರ್ ಕೊಂಡರೂ ತೊಂದರೆ ಹೋದಂತೆ ಕಾಣುವುದು ಹೊಸ ಬುಷ್ಷಿನಿಂದಲೇ.

ಗಾಳಿ ಹಿಡಿಯುವುದು, ನೀರು ಕುದಿಯುವುದು

ಪ್ರೊಪೆಲ್ಲರ್ ಹಿಡಿತ ಕಳೆದುಕೊಳ್ಳುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಎರಡಕ್ಕೂ ಮದ್ದು ಬೇರೆ. ಮೊದಲನೆಯದು ವೆಂಟಿಲೇಶನ್. ಮೇಲಿನ ಗಾಳಿಯೋ ಎಂಜಿನ್ನಿನ ಹೊಗೆಯೋ ರೆಕ್ಕೆಗಳ ನಡುವೆ ನುಗ್ಗುತ್ತದೆ, ಪ್ರೊಪೆಲ್ಲರ್ ನೊರೆಯಲ್ಲಿ ತಿರುಗುತ್ತದೆ, ಸುತ್ತುಗಳು ಹಠಾತ್ತನೆ ಏರುತ್ತವೆ. ಗಿಯರ್ ಪೆಟ್ಟಿಗೆಯ ಮೇಲಿನ ಅಗಲ ತಟ್ಟೆ ಇರುವುದು ಈ ಗಾಳಿಯನ್ನು ತಡೆಯಲು. ಅದು ದೋಣಿಯ ತಳದ ಮಟ್ಟಕ್ಕೆ, ಹೆಚ್ಚೆಂದರೆ ಒಂದಿಂಚು ಮೇಲಕ್ಕೆ ಇರಬೇಕು. ಎಂಜಿನ್ನಿನ ಕಾಲಿನ ಉದ್ದ ಹಲಗೆಯ ಎತ್ತರಕ್ಕೆ ಹೊಂದದಿದ್ದರೆ ಯಾವ ಪ್ರೊಪೆಲ್ಲರೂ ಸರಿಹೋಗದು. 15 ಇಂಚಿನ ಗಿಡ್ಡ ಕಾಲು, 20 ಇಂಚಿನ ಉದ್ದ ಕಾಲು, 25 ಇಂಚಿನದು, ಹೀಗೆ ಮಾದರಿಗಳಿರುವುದು ಇದಕ್ಕಾಗಿ.

ಕರ್ನಾಟಕದ ಕರಾವಳಿಯಲ್ಲಿ ಈ ತೊಂದರೆ ತೀವ್ರವಾಗಿ ಎದುರಾಗುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿ. ಅಂದರೆ ಕಡಲು ಅತಿ ಒರಟಾಗಿರುವಾಗ ಅತಿ ಚಿಕ್ಕ ಎಂಜಿನ್ನುಗಳೇ ನೀರಿಗಿಳಿಯುತ್ತವೆ. ಅಳಿವೆ ಬಾಗಿಲಲ್ಲಿ ಹೊಳೆಯ ಸೆಳೆತ ಮತ್ತು ಕಡಲ ಅಲೆ ಎದುರಾಗುವಲ್ಲಿ ದೋಣಿಯ ಹಿಂಬದಿ ಎದ್ದು ಪ್ರೊಪೆಲ್ಲರ್ ಗಾಳಿಯಲ್ಲಿ ತಿರುಗುತ್ತದೆ. ಮರುಕ್ಷಣ ನೀರಿಗೆ ಬಿದ್ದು ಗಿಯರಿಗೆ ಪೆಟ್ಟು ಕೊಡುತ್ತದೆ. ನೂಕು ಬೇಕೇಬೇಕಾದ ಕ್ಷಣದಲ್ಲಿ ಅದು ಇಲ್ಲವಾದರೆ ದೋಣಿ ಅಲೆಗೆ ಅಡ್ಡ ಬೀಳುತ್ತದೆ. ಇಂಥ ಕೆಲಸಕ್ಕೆ ವೇಗದ ಆಸೆಯನ್ನು ಪೂರ್ತಿ ಬಿಟ್ಟು, ಉದ್ದ ಕಾಲಿನ ಎಂಜಿನ್, ಸಿಗುವಷ್ಟು ದೊಡ್ಡ ವ್ಯಾಸ, ಅಗಲ ರೆಕ್ಕೆ, ಕಡಿಮೆ ಪಿಚ್ ಆರಿಸಬೇಕು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು ಎಂದು ಎರಡು ಪ್ರೊಪೆಲ್ಲರ್ ಇಟ್ಟುಕೊಳ್ಳುವ ಖರ್ಚು ಇಲ್ಲಿ ನ್ಯಾಯವಾದದ್ದು.

ಎರಡನೆಯದು ಕ್ಯಾವಿಟೇಶನ್. ಇಲ್ಲಿ ಹೊರಗಿನ ಗಾಳಿಯ ಪಾತ್ರವಿಲ್ಲ. ರೆಕ್ಕೆಯ ಮುಂಬದಿಯಲ್ಲಿ ಒತ್ತಡ ತೀರಾ ಕುಸಿದಾಗ ನೀರು ತಣ್ಣಗಿದ್ದಂತೆಯೇ ಕುದಿಯುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನ ನೀರು ಕುದಿಯಲು ಒತ್ತಡ ವಾತಾವರಣದ 24ರಲ್ಲಿ ಒಂದು ಭಾಗಕ್ಕೆ ಇಳಿದರೆ ಸಾಕು. ಹುಟ್ಟಿದ ಆವಿಯ ಗುಳ್ಳೆಗಳು ಒತ್ತಡ ಹೆಚ್ಚಿರುವ ಕಡೆಗೆ ಸರಿದೊಡನೆ ಸಿಡಿದು ಕುಸಿಯುತ್ತವೆ. ಆ ಹೊಡೆತಕ್ಕೆ ಲೋಹದ ಮೇಲೆ ಸಿಡುಬಿನಂಥ ಗುಳಿಗಳು ಬೀಳುತ್ತವೆ. ಬ್ರಿಟನ್ನಿನ ಚಾರ್ಲ್ಸ್ ಪಾರ್ಸನ್ಸ್ ತನ್ನ ಟರ್ಬೀನಿಯಾ ಹಡಗಿನಲ್ಲಿ ಇದನ್ನು ಎದುರಿಸಿದ. 1894ರ ಮೊದಲ ಪರೀಕ್ಷೆಗಳಲ್ಲಿ ಒಂಟಿ ಶಾಫ್ಟಿನಿಂದ ಹಡಗು 20 ನಾಟ್‌ಗೂ ಮುಟ್ಟಲಿಲ್ಲ. ಕಾರಣ ಹುಡುಕಲು ಆತ ಚಿಕ್ಕ ನೀರಿನ ಸುರಂಗವನ್ನು ಕಟ್ಟಿ ಗುಳ್ಳೆಗಳನ್ನು ಕಣ್ಣಾರೆ ನೋಡಿದ. ಆಮೇಲೆ ಮೂರು ಶಾಫ್ಟುಗಳಿಗೆ ಮೂರು ಮೂರರಂತೆ ಒಂಬತ್ತು ಪ್ರೊಪೆಲ್ಲರ್ ಹಾಕಿ ಹೊರೆಯನ್ನು ಹಂಚಿದಾಗ ವೇಗ 34 ನಾಟ್ ದಾಟಿತು. ಒಬಿಎಂನಲ್ಲಿ ಕ್ಯಾವಿಟೇಶನ್ನಿಗೆ ಹೆಚ್ಚಿನ ಸಲ ಕಾರಣವಾಗುವುದು ರೆಕ್ಕೆಯ ಅಂಚಿನ ನೆಗ್ಗು, ಕಚ್ಚು, ಅಥವಾ ಪ್ರೊಪೆಲ್ಲರಿನ ಮುಂದೆಯೇ ದೋಣಿಯ ತಳದಲ್ಲಿ ಚಾಚಿದ ಏನಾದರೂ ವಸ್ತು. ಅಂಚನ್ನು ಅರದಿಂದ ನಯಗೊಳಿಸಿದರೆ ಅನೇಕ ಸಲ ಗುಣ ಕಾಣುತ್ತದೆ. ಬಾಗಿದ ರೆಕ್ಕೆಯನ್ನು ಸುತ್ತಿಗೆಯಿಂದ ಅಂದಾಜಿನಲ್ಲಿ ನೆಟ್ಟಗೆ ಮಾಡಬಾರದು. ಒಂದು ರೆಕ್ಕೆಯ ಪಿಚ್ ಬೇರೆಯಾದರೆ ಕಂಪನ ಶುರುವಾಗಿ ಸೀಲ್ ಮತ್ತು ಬೇರಿಂಗ್ ಹಾಳಾಗುತ್ತವೆ.

ಬಿಚ್ಚುವುದು, ಕೂರಿಸುವುದು, ಜಾಗರೂಕತೆ

ಪ್ರೊಪೆಲ್ಲರಿಗೆ ಕೈ ಹಾಕುವ ಮೊದಲು ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಬೇಕು. ಶಾಫ್ಟನ್ನು ತಿರುಗಿಸಿದಾಗ ಎಂಜಿನ್ ಚಾಲೂ ಆಗುವ ಸಾಧ್ಯತೆ ಇದೆ. ಹಿಂಬದಿಯ ಸೀಳುಪಿನ್ನು ತೆಗೆದು ನಟ್ ಬಿಚ್ಚಿದರೆ ಪ್ರೊಪೆಲ್ಲರ್ ಹೊರಬರುತ್ತದೆ. ಅದರ ಮುಂದೆ ಇರುವ ಥ್ರಸ್ಟ್ ವಾಷರ್ ಕಳೆಯದಂತೆ ನೋಡಿಕೊಳ್ಳಬೇಕು, ಏಕೆಂದರೆ ದೋಣಿಯನ್ನು ನೂಕುವ ಬಲವೆಲ್ಲ ಅದರ ಮೂಲಕವೇ ಶಾಫ್ಟಿಗೆ ದಾಟುತ್ತದೆ. ಹಲ್ಲುಗಳಿಗೆ ನೀರು ತಡೆಯುವ ಗ್ರೀಸ್ ಹಚ್ಚಬೇಕು. ಶಾಫ್ಟಿಗೆ ಬಲೆಯ ದಾರ ಸುತ್ತಿದ್ದರೆ ಕೊನೆಯ ಎಳೆಯವರೆಗೆ ಬಿಡಿಸಬೇಕು. ಉಳಿದ ನೈಲಾನ್ ಎಳೆ ಸೀಲನ್ನು ಕೊಯ್ದು ಗಿಯರ್ ಪೆಟ್ಟಿಗೆಗೆ ನೀರು ಬಿಡುತ್ತದೆ. ಗಿಯರ್ ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ ಎಂದೇ ತಿಳಿಯಬೇಕು. ಕಡಲಿಗೆ ಹೋಗುವ ದೋಣಿಯಲ್ಲಿ ಬಿಡಿ ಪ್ರೊಪೆಲ್ಲರ್, ನಟ್, ಸೀಳುಪಿನ್ನು, ಸರಿಯಾದ ಪಾನಾ ಇರಲೇಬೇಕು.

ಸುತ್ತುವ ಪ್ರೊಪೆಲ್ಲರ್ ಮನುಷ್ಯರಿಗೆ ಮಾಡುವ ಗಾಯ ಅತಿ ಘೋರವಾದದ್ದು. ಚಾಲಕನ ಮೈಗೆ ಕಟ್ಟಿಕೊಳ್ಳುವ ದಾರ ಎಳೆದೊಡನೆ ಎಂಜಿನ್ ನಿಲ್ಲಿಸುವ ಸ್ವಿಚ್ ಬಹುತೇಕ ಎಲ್ಲ ಹೊಸ ಒಬಿಎಂಗಳಲ್ಲಿದೆ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಇದರ ಬಳಕೆಯನ್ನು 2021ರ ಏಪ್ರಿಲ್ 1ರಿಂದ ಕಡ್ಡಾಯ ಮಾಡಲಾಗಿದೆ. ಒಬ್ಬನೇ ದೋಣಿ ನಡೆಸುವಾಗ ಈ ದಾರವನ್ನು ಕಟ್ಟಿಕೊಳ್ಳದಿರುವುದು ಅಕ್ಷಮ್ಯ. ಜನರ ನಡುವೆ ಓಡುವ ರಕ್ಷಣಾ ದೋಣಿಗಳಿಗೆ ಪ್ರೊಪೆಲ್ಲರಿನ ಸುತ್ತ ಪಂಜರ ಹಾಕುವುದುಂಟು. ಅದರಿಂದ ವೇಗ ಕುಗ್ಗುತ್ತದೆ. ನೀರಿನಲ್ಲಿ ಜನ ಇರುವೆಡೆ ಆ ನಷ್ಟ ಒಪ್ಪತಕ್ಕದ್ದು.

ಎಲೆಕ್ಟ್ರಿಕ್ ಔಟ್‌ಬೋರ್ಡ್

ಜರ್ಮನಿಯಲ್ಲಿ 2005ರಲ್ಲಿ ಶುರುವಾದ ಟಾರ್ಕೀಡೋ ಮುಂತಾದ ಕಂಪನಿಗಳು ಎಲೆಕ್ಟ್ರಿಕ್ ಔಟ್‌ಬೋರ್ಡುಗಳನ್ನು ತಂದ ಮೇಲೆ ಪ್ರೊಪೆಲ್ಲರಿನ ಲೆಕ್ಕ ಮತ್ತೆ ಬದಲಾಗುತ್ತಿದೆ. ಎಲೆಕ್ಟ್ರಿಕ್ ಮೋಟಾರಿಗೆ ನಿಂತಲ್ಲಿಂದಲೇ ಪೂರ್ತಿ ತಿರುಚುಬಲ ಇರುವುದರಿಂದ ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸಲು ಅದಕ್ಕೆ ಕಷ್ಟವಿಲ್ಲ. ಭಾರದ ಪ್ರೊಪೆಲ್ಲರ್ ಇಲ್ಲಿ ಮಸಿಯಾಗಿ ಕಾಣದೆ ಆಂಪಿಯರಿನಲ್ಲೂ ಮೋಟಾರಿನ ಬಿಸಿಯಲ್ಲೂ ಕಾಣುತ್ತದೆ. ಹೀಗಾಗಿ ಸುತ್ತುಗಳ ಜತೆಗೆ ವಿದ್ಯುತ್ ಪ್ರವಾಹವನ್ನೂ ಅಳೆದು ಆರಿಸಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಕಿಲೋವಾಟ್ ಗಂಟೆಯಷ್ಟು ಶಕ್ತಿ ಅಡಗಿದೆ. ಎಂಜಿನ್ ಅದರ ಬಹುಭಾಗವನ್ನು ಬಿಸಿಯಾಗಿ ಕಳೆದರೂ ದೋಣಿ ದೂರ ಸಾಗುತ್ತದೆ. ಅಷ್ಟೇ ಶಕ್ತಿ ಹಿಡಿಯುವ ಬ್ಯಾಟರಿ ಹತ್ತಾರು ಕಿಲೋ ತೂಗುವುದರಿಂದ, ಪೆಟ್ರೋಲ್ ದೋಣಿಯಲ್ಲಿ ಯಾರೂ ಗಮನಿಸದೆ ಬಿಡುತ್ತಿದ್ದ ಶೇ. 5ರಷ್ಟು ದಕ್ಷತೆಯ ವ್ಯತ್ಯಾಸ ಎಲೆಕ್ಟ್ರಿಕ್ ದೋಣಿಯಲ್ಲಿ ದಡ ಮುಟ್ಟುವ ದೂರವನ್ನೇ ಬದಲಿಸುತ್ತದೆ. ಈ ಒತ್ತಡದಿಂದಾಗಿ ರೆಕ್ಕೆಗಳ ತುದಿಗಳನ್ನು ಒಂದಕ್ಕೊಂದು ಕೂಡಿಸಿ ಕುಣಿಕೆಯಂತೆ ಮಾಡಿದ ಷ್ಯಾರೋ ಮಾದರಿಯ ಪ್ರೊಪೆಲ್ಲರುಗಳತ್ತ ಈಗ ಹೆಚ್ಚು ಗಮನ ಹರಿದಿದೆ. ರೆಕ್ಕೆಯ ತುದಿಯಲ್ಲಿ ಹುಟ್ಟುವ ಸುಳಿಯನ್ನು ತಗ್ಗಿಸುವುದು ಅವುಗಳ ಉದ್ದೇಶ. ಒಂದೊಂದರ ಬೆಲೆ ಸದ್ಯಕ್ಕೆ ಸಾಮಾನ್ಯ ಸ್ಟೀಲ್ ಪ್ರೊಪೆಲ್ಲರಿನ ಹಲವು ಪಟ್ಟು ಇದೆ.